ಸುಟ್ಟದ್ದು ಮೋಟಾರು, ತಪ್ಪು ವಯರಿನದು!

ಒಂದೇ ಬೇಸಗೆಯಲ್ಲಿ ಎರಡು ಸಲ ಪಂಪಿನ ಮೋಟಾರು ಸುಟ್ಟರೆ ಯಾವ ಕೃಷಿಕನಿಗಾದರೂ ತಲೆ ಕೆಡುತ್ತದೆ. ನನಗೂ ಕೆಟ್ಟಿತ್ತು. ಮೊದಲನೆಯ ಸಲ ಫೆಬ್ರವರಿಯಲ್ಲಿ. ರಿವೈಂಡಿಂಗ್ ಮಾಡಿಸಿ ತಂದು ಕೂರಿಸಿದೆ. ಎಪ್ರಿಲ್ ಮೊದಲ ವಾರ ಮತ್ತೆ ಅದೇ ವಾಸನೆ, ಅದೇ ಹೊಗೆ. ಮೋಟಾರು ಅಂಗಡಿಯಲ್ಲಿದ್ದ ಒಂಬತ್ತು ದಿನ ಕೆಳಗಿನ ತೋಟಕ್ಕೆ ನೀರಿಲ್ಲ. ಹಿಂದಿನ ಮಳೆಗಾಲದಲ್ಲಿ ನೆಟ್ಟಿದ್ದ ಅಡಿಕೆ ಸಸಿಗಳಲ್ಲಿ ನಲವತ್ತರಷ್ಟು ಬಾಡಿ ಹೋದವು. ರಿವೈಂಡಿಂಗ್‌ಗೆ ಕೊಟ್ಟ ದುಡ್ಡನ್ನು ಮರೆಯಬಹುದು, ಆ ಸಸಿಗಳನ್ನು ಮರೆಯುವುದು ಕಷ್ಟ.

ರಿವೈಂಡಿಂಗ್ ಮಾಡಿದವರನ್ನು ಕೇಳಿದೆ. “ಅಣ್ಣಾ, ನಿಮ್ಮಲ್ಲಿ ವೋಲ್ಟೇಜ್ ಇಲ್ಲ. ನಾವು ಎಷ್ಟು ಒಳ್ಳೆ ತಂತಿ ಸುತ್ತಿದ್ರೂ ಅಷ್ಟೇ” ಅಂದರು. ವಯರಿಂಗ್ ಮಾಡುವವರನ್ನು ಕರೆಸಿದೆ. ಅವರು ಪಂಪಿನ ಶೆಡ್ಡಿಗೆ ಹೋಗಿ ಮೀಟರ್ ಹಿಡಿದು ನೋಡಿ, “225 ವೋಲ್ಟ್ ಉಂಟು ಮಾರಾಯ್ರೆ, ಕರೆಂಟು ಭರ್ತಿ ಉಂಟು. ರಿವೈಂಡಿಂಗೇ ಸರಿ ಆಗ್ಲಿಲ್ಲ” ಅಂದರು. ಅವರು ಇವರನ್ನು, ಇವರು ಅವರನ್ನು ತೋರಿಸಿದರು. ನಾನು ಇಬ್ಬರಿಗೂ ದುಡ್ಡು ಕೊಟ್ಟೆ.

ಈ ಜಗಳ ಬಿಡಿಸಿದವನು ನನ್ನ ಅಕ್ಕನ ಮಗ. ಐಟಿಐಯಲ್ಲಿ ಎಲೆಕ್ಟ್ರಿಶಿಯನ್ ಕಲಿತವನು. ವಿಷು ಹಬ್ಬಕ್ಕೆ ಬಂದವನಿಗೆ ಕತೆ ಹೇಳಿದೆ. ಅವನು ಕೇಳಿದ್ದು ಒಂದೇ ಪ್ರಶ್ನೆ.

“ಮಾವ, ಆ ಜನ 225 ವೋಲ್ಟ್ ನೋಡಿದ್ದು ಮೋಟಾರು ಓಡುವಾಗಲಾ, ನಿಂತಿರುವಾಗಲಾ?”

“ನಿಂತಿರುವಾಗ. ಸುಟ್ಟ ಮೋಟಾರು ಓಡುವುದು ಹೇಗೆ?”

“ಹಾಗಾದ್ರೆ ಅವರು ನೋಡಿದ್ದು ಲೆಕ್ಕಕ್ಕಿಲ್ಲ” ಅಂದ.

ಆ ಮಾತಿನ ಅರ್ಥ ತಿಳಿಯಲು ನನಗೆ ಅರ್ಧ ದಿನ ಹಿಡಿಯಿತು. ತಿಳಿದ ಮೇಲೆ, ಇಷ್ಟು ಸಣ್ಣ ಲೆಕ್ಕ ಗೊತ್ತಿಲ್ಲದೆ ಇಷ್ಟು ವರ್ಷ ಪಂಪು ಓಡಿಸಿದೆನಲ್ಲ ಅಂತ ನಾಚಿಕೆಯಾಯಿತು. ಗುಣಾಕಾರ, ಭಾಗಾಕಾರ ಬರುವ ಯಾರಿಗೂ ಇದು ಬರುತ್ತದೆ. ಅದನ್ನೇ ಇಲ್ಲಿ ಬರೆದಿದ್ದೇನೆ.

ಪೈಪಿನಲ್ಲಿ ನೀರು, ವಯರಿನಲ್ಲಿ ಕರೆಂಟು

ನಮಗೆ ಪೈಪಿನ ವಿಷಯ ಚೆನ್ನಾಗಿ ಗೊತ್ತು. ಗುಡ್ಡದ ಮೇಲಿನ ಟ್ಯಾಂಕಿನಿಂದ ಅರ್ಧ ಇಂಚಿನ ಪೈಪು ಎಳೆದು ದೂರದ ತುದಿಯಲ್ಲಿ ಗೇಟ್‌ವಾಲ್ವ್ ಮುಚ್ಚಿ ಇಟ್ಟರೆ ಅಲ್ಲಿ ಪೂರ್ತಿ ಒತ್ತಡ ಇರುತ್ತದೆ. ಸಣ್ಣ ತೂತು ಮಾಡಿದರೆ ನೀರು ಚಿಮ್ಮುತ್ತದೆ. ಅದೇ ವಾಲ್ವ್ ಪೂರ್ತಿ ತೆರೆದು ನಾಲ್ಕು ಸ್ಪ್ರಿಂಕ್ಲರ್ ಹಾಕಿ ನೋಡಿ, ಒಂದೂ ತಿರುಗುವುದಿಲ್ಲ. ನೀರು ಹರಿಯತೊಡಗಿದ ಕೂಡಲೇ ಒತ್ತಡವನ್ನು ಪೈಪೇ ತಿಂದುಬಿಡುತ್ತದೆ. ಪೈಪು ಸಪೂರವಾದಷ್ಟೂ, ಉದ್ದವಾದಷ್ಟೂ, ಹರಿವು ಹೆಚ್ಚಾದಷ್ಟೂ ತಿನ್ನುವುದು ಜಾಸ್ತಿ.

ಕರೆಂಟಿನದೂ ಇದೇ ಕತೆ. ವೋಲ್ಟ್ ಅಂದರೆ ಒತ್ತಡ. ಆಂಪಿಯರ್ ಅಂದರೆ ಹರಿವು. ಹರಿವಿಗೆ ವಯರು ಒಡ್ಡುವ ಅಡ್ಡಿಗೆ ರೋಧ ಎನ್ನುತ್ತಾರೆ, ಅದರ ಅಳತೆ ಓಮ್. ಮೋಟಾರು ನಿಂತಿರುವಾಗ ವಯರಿನಲ್ಲಿ ಹರಿವಿಲ್ಲ. ಹರಿವಿಲ್ಲದಿದ್ದರೆ ವಯರು ತಿನ್ನುವುದೂ ಇಲ್ಲ. ಹಾಗಾಗಿ ಮನೆಯಲ್ಲಿ 225 ಇದ್ದರೆ ಪಂಪಿನ ಶೆಡ್ಡಿನಲ್ಲೂ 225 ಕಾಣುತ್ತದೆ, ವಯರು ಎಷ್ಟೇ ಕಳಪೆ ಇರಲಿ! ಮುಚ್ಚಿದ ವಾಲ್ವಿನ ಹಿಂದಿನ ಒತ್ತಡ ನೋಡಿ “ನೀರು ಭರ್ತಿ ಉಂಟು” ಎಂದ ಹಾಗೆ.

ಎರಡೇ ಲೆಕ್ಕ

ನೆನಪಿಡಬೇಕಾದ್ದು ಎರಡೇ.

ಒಂದು: ವೋಲ್ಟನ್ನು ಆಂಪಿಯರಿನಿಂದ ಭಾಗಿಸಿದರೆ ಓಮ್.
ಎರಡು: ವೋಲ್ಟನ್ನು ಆಂಪಿಯರಿನಿಂದ ಗುಣಿಸಿದರೆ ವಾಟ್.

ಮೊದಲನೆಯದು ಜರ್ಮನಿಯ ಗೇಯಾರ್ಗ್ ಸೈಮನ್ ಓಮ್ ಎಂಬ ಶಾಲಾ ಮಾಸ್ತರರು ಕಂಡುಕೊಂಡದ್ದು. ಬೀಗ ಮಾಡುವವನ ಮಗ. ಬೇರೆ ಬೇರೆ ಉದ್ದದ ತಂತಿಗಳಲ್ಲಿ ಕರೆಂಟು ಹರಿಸಿ ಅಳೆದು, 1827ರಲ್ಲಿ ಪುಸ್ತಕ ಬರೆದರು. ಆಗ ಅವರ ಊರಿನ ಪಂಡಿತರಲ್ಲಿ ಹೆಚ್ಚಿನವರು ಅದಕ್ಕೆ ಬೆಲೆ ಕೊಡಲಿಲ್ಲ. ಲಂಡನ್ನಿನ ರಾಯಲ್ ಸೊಸೈಟಿ 1841ರಲ್ಲಿ ಪದಕ ಕೊಟ್ಟಿತು. ಉದ್ದದ ತಂತಿ ಎಷ್ಟು ತಿನ್ನುತ್ತದೆ ಎಂಬ ನಮ್ಮ ಪಂಪಿನ ಪ್ರಶ್ನೆಯೇ ಅವರದ್ದೂ ಆಗಿತ್ತು.

ಮನೆಯ ಒಂದು ಉದಾಹರಣೆ ನೋಡೋಣ. ಬಕೆಟಿನಲ್ಲಿ ನೀರು ಕಾಯಿಸುವ 1000 ವಾಟಿನ ಕಾಯಿಲ್. 230 ವೋಲ್ಟಿನಲ್ಲಿ ಅದು 1000ವನ್ನು 230ರಿಂದ ಭಾಗಿಸಿದಷ್ಟು, ಅಂದರೆ 4.35 ಆಂಪಿಯರ್ ಎಳೆಯುತ್ತದೆ. ಅದರ ರೋಧ 230 ಭಾಗಿಸು 4.35, ಸುಮಾರು 53 ಓಮ್. ಸಂಜೆ ವೋಲ್ಟೇಜ್ 180ಕ್ಕೆ ಇಳಿಯಿತು ಅನ್ನಿ. ಕಾಯಿಲಿನ ರೋಧ ಹೆಚ್ಚು ಕಡಿಮೆ ಅಷ್ಟೇ ಇರುತ್ತದೆ. ಆಗ ಹರಿಯುವುದು 180 ಭಾಗಿಸು 53, ಅಂದರೆ 3.4 ಆಂಪಿಯರ್. ವಾಟ್ ಎಷ್ಟು? 180 ಗುಣಿಸು 3.4, ಬರೀ 612. ವೋಲ್ಟ್ ಇಳಿದದ್ದು ಐದನೇ ಒಂದು ಭಾಗಕ್ಕಿಂತ ಸ್ವಲ್ಪ ಹೆಚ್ಚು, ಬಿಸಿ ಇಳಿದದ್ದು ಮೂರನೇ ಒಂದು ಭಾಗಕ್ಕಿಂತಲೂ ಹೆಚ್ಚು! ಯಾಕೆಂದರೆ ವೋಲ್ಟ್ ಇಳಿದಾಗ ಆಂಪಿಯರೂ ಇಳಿಯುತ್ತದೆ, ಎರಡೂ ಸೇರಿ ಪೆಟ್ಟು ಕೊಡುತ್ತವೆ. ವೋಲ್ಟೇಜ್ ಇಲ್ಲದ ದಿನ ಸ್ನಾನಕ್ಕೆ ತಡವಾಗುವುದರ ಗುಟ್ಟು ಇದು.

ಮೋಟಾರು ಓಡಿಸಿ ಅಳೆದೆವು

ಎರಡನೆಯ ಸಲ ರಿವೈಂಡಿಂಗ್ ಆಗಿ ಬಂದ ಮೋಟಾರನ್ನು ಕೂರಿಸಿದ ದಿನವೇ ಅಳತೆ ಮಾಡಿದೆವು. ನನ್ನದು ಮನೆಯ ಮೀಟರಿನಿಂದಲೇ ಓಡುವ ಸಿಂಗಲ್ ಫೇಸ್, ಒಂದೂವರೆ ಎಚ್‌ಪಿ ಮೊನೊಬ್ಲಾಕ್. ಅದರ ಫಲಕದಲ್ಲಿ 9.5 ಆಂಪಿಯರ್ ಎಂದಿದೆ. ಮನೆಯಿಂದ ತೋಡಿನ ಬದಿಯ ಶೆಡ್ಡಿಗೆ 150 ಮೀಟರ್ ದೂರ. ಎಳೆದದ್ದು 4 ಚದರ ಮಿಲಿಮೀಟರಿನ ಅಲ್ಯೂಮಿನಿಯಂ ವಯರು.

ಅಳೆಯಲು ಬೇಕಾದ್ದು ಟಾಂಗ್ ಟೆಸ್ಟರ್ ಎಂಬ ಇಕ್ಕಳದಂಥ ಮೀಟರ್. ವಯರು ಕತ್ತರಿಸದೆ, ಬಾಯಿ ತೆರೆದು ಒಂದು ವಯರನ್ನು ತಬ್ಬಿಸಿದರೆ ಆಂಪಿಯರ್ ತೋರಿಸುತ್ತದೆ. ವೋಲ್ಟ್ ನೋಡಲು ಅದರಲ್ಲೇ ಎರಡು ಕಡ್ಡಿಗಳಿವೆ. ನಾನು ಮೊದಲು ಎರಡೂ ವಯರನ್ನು ಒಟ್ಟಿಗೆ ತಬ್ಬಿಸಿದೆ. ಸೊನ್ನೆ ತೋರಿಸಿತು. “ಮಾವ, ಹೋಗುವ ಕರೆಂಟೂ ಬರುವ ಕರೆಂಟೂ ಒಂದನ್ನೊಂದು ಕಳೀತವೆ. ಒಂದೇ ವಯರು ಹಿಡಿಯಿರಿ” ಅಂದ ಅಳಿಯ.

ಮೋಟಾರು ಹತ್ತು ನಿಮಿಷ ಓಡಿದ ಮೇಲೆ ಸಿಕ್ಕಿದ ಲೆಕ್ಕ ಹೀಗಿತ್ತು:

ಮನೆಯ ಬೋರ್ಡಿನಲ್ಲಿ 214 ವೋಲ್ಟ್.
ಪಂಪಿನ ಹತ್ತಿರ 179 ವೋಲ್ಟ್.
ವಯರಿನಲ್ಲಿ 11 ಆಂಪಿಯರ್.

ಮನೆಯ ಬೋರ್ಡಿನ ವೋಲ್ಟ್‌ಮೀಟರನ್ನು ನಾನು ದಿನಾ ನೋಡುತ್ತಿದ್ದೆ. 210ರ ಮೇಲಿದ್ದರೆ ಧೈರ್ಯದಿಂದ ಸ್ವಿಚ್ ಹಾಕುತ್ತಿದ್ದೆ. ಆದರೆ ಮೋಟಾರು ಇರುವುದು ಬೋರ್ಡಿನ ಹತ್ತಿರ ಅಲ್ಲವಲ್ಲ! ಅದಕ್ಕೆ ಸಿಗುತ್ತಿದ್ದದ್ದು 179.

ಈಗ ಲೆಕ್ಕ ಮಾಡಿ. ದಾರಿಯಲ್ಲಿ ಕಳೆದುಹೋದದ್ದು 214 ಕಳೆ 179, ಅಂದರೆ 35 ವೋಲ್ಟ್. ಆಂಪಿಯರ್ 11. ಹಾಗಾದರೆ ವಯರಿನ ರೋಧ 35 ಭಾಗಿಸು 11, ಸುಮಾರು 3.2 ಓಮ್. ವಯರು ತಿಂದ ವಾಟ್ 35 ಗುಣಿಸು 11, 385. ಮನೆಯಿಂದ ಹೊರಟ ಕರೆಂಟಿನಲ್ಲಿ ಆರನೇ ಒಂದು ಪಾಲು ನೀರೆತ್ತದೆ, ವಯರನ್ನು ಬಿಸಿ ಮಾಡಿ ಗಾಳಿಗೆ ಹೋಗುತ್ತಿತ್ತು.

ಜಾಯಿಂಟಿನ ಕಳ್ಳ

4 ಚದರ ಮಿ.ಮೀ. ಅಲ್ಯೂಮಿನಿಯಂ ವಯರಿಗೆ 100 ಮೀಟರಿಗೆ 0.74 ಓಮ್ ರೋಧ. ಹೋಗಲು 150, ಬರಲು 150, ಒಟ್ಟು 300 ಮೀಟರ್. ಹಾಗಾದರೆ 2.2 ಓಮ್ ಇರಬೇಕು. ನಮಗೆ ಸಿಕ್ಕಿದ್ದು 3.2. ಒಂದು ಓಮ್ ಎಲ್ಲಿಂದ ಬಂತು?

“ಜಾಯಿಂಟ್ ಎಲ್ಲೆಲ್ಲಿ ಉಂಟು?” ಎಂದು ಕೇಳಿದ. ಎರಡು ಕಡೆ ಇತ್ತು. ಒಂದು ಹಟ್ಟಿಯ ಹಿಂದೆ, ಮರ ಬಿದ್ದು ವಯರು ತುಂಡಾದಾಗ ಹಾಕಿದ್ದು. ಇನ್ನೊಂದು ಶೆಡ್ಡಿನ ಮಾಡಿನಡಿ, ಅಲ್ಯೂಮಿನಿಯಂ ವಯರಿಗೆ ತಾಮ್ರದ ವಯರು ಸುತ್ತಿ ಟೇಪು ಹಚ್ಚಿದ್ದು. ಎರಡೂ ನನ್ನದೇ ಕೈಕೆಲಸ.

ಮೈನ್ ಸ್ವಿಚ್ ತೆಗೆದು, ಟೇಪು ಬಿಡಿಸಿ, ಜಾಯಿಂಟಿನ ಆಚೆ ಈಚೆ ಕ್ಲಿಪ್ಪಿನಿಂದ ಮೀಟರಿನ ಕಡ್ಡಿ ಸಿಕ್ಕಿಸಿ, ದೂರ ನಿಂತು ಸ್ವಿಚ್ ಹಾಕಿದೆವು. ಒಂದೇ ವಯರಿನ ಎರಡು ಬದಿ, ನಡುವೆ ಎರಡು ಇಂಚು. ಅಲ್ಲಿ ವೋಲ್ಟ್ ಸೊನ್ನೆಯ ಹತ್ತಿರ ಇರಬೇಕು. ಮಾಡಿನಡಿಯ ಜಾಯಿಂಟಿನಲ್ಲಿ 6 ವೋಲ್ಟ್ ತೋರಿಸಿತು! ಹಟ್ಟಿಯ ಹಿಂದಿನದರಲ್ಲಿ 4. ಎರಡೂ ಸೇರಿ 10 ವೋಲ್ಟ್. 11 ಆಂಪಿಯರಿನಿಂದ ಭಾಗಿಸಿದರೆ 0.9 ಓಮ್. ಕಾಣೆಯಾಗಿದ್ದ ಓಮ್ ಸಿಕ್ಕಿಬಿದ್ದಿತ್ತು.

6 ವೋಲ್ಟ್ ಅಂದರೆ ಏನು ಮಹಾ ಅನಿಸಬಹುದು. 6 ಗುಣಿಸು 11, 66 ವಾಟ್. ಬೆಸುಗೆ ಹಾಕುವ ದೊಡ್ಡ ಕಡ್ಡಿಯಷ್ಟು ಬಿಸಿ, ಬೆರಳಿನಷ್ಟು ಜಾಗದಲ್ಲಿ, ದಿನಕ್ಕೆ ಐದು ಗಂಟೆ. ಟೇಪು ಕರಗಿ ಕಪ್ಪಾಗಿತ್ತು. ಅದರ ಮೇಲೆ ಮಾಡಿನ ಮುಳಿಹುಲ್ಲು. ಮೋಟಾರು ಸುಟ್ಟದ್ದು ಬಿಡಿ, ಶೆಡ್ಡು ಸುಡದೆ ಉಳಿದದ್ದು ಪುಣ್ಯ.

ಅಲ್ಯೂಮಿನಿಯಂ ಗಾಳಿ ತಾಗಿದ ಕೂಡಲೇ ಮೈ ಮೇಲೆ ಒಂದು ತೆಳು ಪೊರೆ ಕಟ್ಟಿಕೊಳ್ಳುತ್ತದೆ. ಆ ಪೊರೆ ಕರೆಂಟಿಗೆ ಅಡ್ಡಿ. ತಾಮ್ರ, ಅಲ್ಯೂಮಿನಿಯಂ ಎರಡನ್ನೂ ಸುತ್ತಿದರೆ ನಮ್ಮ ಮಳೆಗಾಲದ ತೇವಕ್ಕೆ ಅಲ್ಲಿ ಅಲ್ಯೂಮಿನಿಯಂ ತಿಂದುಹೋಗುತ್ತದೆ. ಜಾಯಿಂಟ್ ಸಡಿಲಾಗಿ ಬಿಸಿ, ಬಿಸಿಯಿಂದ ಇನ್ನಷ್ಟು ಸಡಿಲು. ಇದಕ್ಕೆಂದೇ ಎರಡು ಲೋಹಕ್ಕೂ ಹೊಂದುವ ಬೈಮೆಟಲ್ ಕನೆಕ್ಟರ್ ಸಿಗುತ್ತದೆ. ಅಲ್ಯೂಮಿನಿಯಂಗೆ ಅಲ್ಯೂಮಿನಿಯಂ ಸೇರಿಸುವುದಾದರೆ ಅದರದ್ದೇ ಕೊಳವೆ ಹಾಕಿ ಇಕ್ಕಳದಿಂದ ಒತ್ತಿಸಬೇಕು. ಕೈಯಲ್ಲಿ ಸುತ್ತಿ ಟೇಪು ಹಚ್ಚುವುದು ಜಾಯಿಂಟೇ ಅಲ್ಲ.

ಮೋಟಾರು ಕಾಯಿಲಿನ ಹಾಗಲ್ಲ

ಇಲ್ಲಿ ನನಗೊಂದು ಸಂಶಯ ಬಂತು. ವೋಲ್ಟ್ ಇಳಿದರೆ ಕಾಯಿಲಿನ ಆಂಪಿಯರ್ ಇಳಿಯುತ್ತದೆ. ಮೋಟಾರಿನದ್ದೂ ಇಳಿಯಬೇಕಲ್ಲ, ಮತ್ತೆ ಸುಡುವುದು ಹೇಗೆ?

ಕಾಯಿಲು ಕೊಟ್ಟಷ್ಟು ಉಂಡು ಸುಮ್ಮನಿರುತ್ತದೆ. ಮೋಟಾರು ಹಾಗಲ್ಲ. ಅದರ ತಲೆ ಮೇಲೆ ನೀರಿನ ಹೊರೆ ಇದೆ. ವೋಲ್ಟ್ ಕಡಿಮೆಯಾದರೂ ನೀರು ಎತ್ತಲೇಬೇಕು, ಹಾಗಾಗಿ ಹೆಚ್ಚು ಆಂಪಿಯರ್ ಎಳೆದು ಸರಿದೂಗಿಸಲು ನೋಡುತ್ತದೆ. ನನ್ನ ಮೋಟಾರು 9.5ರ ಬದಲು 11 ಎಳೆಯುತ್ತಿದ್ದದ್ದು ಇದಕ್ಕೇ. ಹೆಚ್ಚು ಆಂಪಿಯರ್ ಹರಿದಾಗ ವಯರು ಇನ್ನಷ್ಟು ವೋಲ್ಟ್ ತಿನ್ನುತ್ತದೆ. ಮೋಟಾರಿಗೆ ಇನ್ನೂ ಕಡಿಮೆ. ಅದು ಇನ್ನೂ ಎಳೆಯುತ್ತದೆ.

11 ಆಂಪಿಯರ್ ಅಂದರೆ ಒಂದೂವರೆ ಆಂಪಿಯರ್ ಜಾಸ್ತಿ, ಅಷ್ಟೇ ತಾನೇ? ಅಲ್ಲ. ಒಂದು ರೋಧದಲ್ಲಿ ಹುಟ್ಟುವ ಬಿಸಿ ಆಂಪಿಯರನ್ನು ಆಂಪಿಯರಿನಿಂದಲೇ ಗುಣಿಸಿ, ಮತ್ತೆ ಓಮಿನಿಂದ ಗುಣಿಸಿದಷ್ಟು. ಆಂಪಿಯರ್ ಎರಡು ಪಟ್ಟಾದರೆ ಬಿಸಿ ನಾಲ್ಕು ಪಟ್ಟು. ನನ್ನ ಲೆಕ್ಕ: 9.5 ಗುಣಿಸು 9.5, ಸುಮಾರು 90. 11 ಗುಣಿಸು 11, 121. ವೈಂಡಿಂಗ್ ಒಳಗೆ ನೂರಕ್ಕೆ 34ರಷ್ಟು ಹೆಚ್ಚು ಬಿಸಿ. ತಂತಿಯ ಮೇಲಿನ ವಾರ್ನಿಷ್ ದಿನಾ ಸ್ವಲ್ಪ ಸ್ವಲ್ಪ ಹುರಿದು, ಒಂದು ದಿನ ಹೊಗೆ.

ಸ್ವಿಚ್ ಹಾಕುವಾಗಿನ ಲೆಕ್ಕ ಇನ್ನೂ ಕೆಟ್ಟದ್ದು. ನಿಂತ ಮೋಟಾರು ಏಳುವಾಗ ಮಾಮೂಲಿನ ನಾಲ್ಕೈದು ಪಟ್ಟು ಆಂಪಿಯರ್ ಎಳೆಯುತ್ತದೆ. 40 ಆಂಪಿಯರ್ ಅಂತ ಇಟ್ಟುಕೊಂಡರೂ 3.2 ಓಮಿನಲ್ಲಿ ನೂರಕ್ಕೂ ಹೆಚ್ಚು ವೋಲ್ಟ್ ಮಾಯ! ಕೆಲವು ಬೆಳಿಗ್ಗೆ ನನ್ನ ಮೋಟಾರು ಏಳದೆ ಗುಂಯ್ ಎಂದು ಗುರುಗುಡುತ್ತಾ ಕೂರುತ್ತಿತ್ತು. ಕೆಪಾಸಿಟರ್ ಹೋಯಿತು ಅಂತ ಎರಡು ಸಲ ಅದನ್ನೂ ಬದಲಿಸಿದ್ದೆ. ಕೆಪಾಸಿಟರ್ ಹೋದರೂ ಹೀಗೇ ಆಗುತ್ತದೆ ನಿಜ, ಆದರೆ ನನ್ನದರಲ್ಲಿ ಅದು ಹೋಗಿರಲಿಲ್ಲ.

ಇನ್ನೊಂದು ಮಾತು. ಕಾಯಿಲಿಗೆ ವೋಲ್ಟನ್ನು ಆಂಪಿಯರಿನಿಂದ ಗುಣಿಸಿದ್ದೇ ವಾಟ್. ಮೋಟಾರಿಗೆ ಅದನ್ನು ಪವರ್ ಫ್ಯಾಕ್ಟರ್ ಎಂಬ, ಒಂದಕ್ಕಿಂತ ಕಡಿಮೆಯ ಅಂಕೆಯಿಂದ ಮತ್ತೆ ಗುಣಿಸಬೇಕು. ಕೆಪಾಸಿಟರ್ ಇರುವ ಸಿಂಗಲ್ ಫೇಸ್ ಪಂಪಿಗೆ 0.9 ಎಂದು ಇಟ್ಟುಕೊಳ್ಳಬಹುದು. ಇದರಿಂದಾಗಿಯೇ, ಎರಡು ತುದಿಯ ವೋಲ್ಟ್ ಕಳೆದು ನಾವು ತೆಗೆದ ವಯರಿನ ಓಮ್ ನಿಜಕ್ಕಿಂತ ನೂರಕ್ಕೆ ಹತ್ತರಷ್ಟು ಕಡಿಮೆ ಬರುತ್ತದೆ. ಕಳ್ಳನನ್ನು ಹಿಡಿಯಲು ಅಷ್ಟು ಸಾಕು.

ಎಷ್ಟು ದಪ್ಪದ ವಯರು?

ಮೊದಲು ಜಾಯಿಂಟ್ ಎರಡನ್ನೂ ಸರಿ ಮಾಡಿದೆವು, ಸ್ವಿಚ್ಚಿನ ತಿರುಪು ಬಿಗಿ ಮಾಡಿದೆವು. ಖರ್ಚು ಒಂದು ಊಟದಷ್ಟು. ಮನೆಯಲ್ಲಿ 215, ಪಂಪಿನಲ್ಲಿ 193, ಆಂಪಿಯರ್ 10.3. ಹದಿನಾಲ್ಕು ವೋಲ್ಟ್ ಮೇಲೆ ಬಂತು! ಆದರೂ 22 ವೋಲ್ಟ್ ವಯರೇ ತಿನ್ನುತ್ತಿತ್ತು.

ವಯರು ತರುವಾಗ ಅಂಗಡಿಯಲ್ಲಿ “ಈ ವಯರು 20 ಆಂಪಿಯರ್ ತಡೀತದೆ, ನಿಮ್ಮ ಪಂಪಿಗೆ ಬೇಕಾದಷ್ಟಾಯ್ತು” ಅಂದಿದ್ದರು. ಸುಳ್ಳಲ್ಲ. ವಯರು ಸುಡುವುದಿಲ್ಲ. ಆದರೆ ಸುಡದಿರುವುದು ಬೇರೆ, ವೋಲ್ಟ್ ತಿನ್ನದಿರುವುದು ಬೇರೆ. ಮನೆಯೊಳಗಿನ ಹತ್ತು ಮೀಟರಿಗೆ ಮೊದಲನೆಯದು ನೋಡಿದರೆ ಸಾಕು. ತೋಟಕ್ಕೆ ಎಳೆಯುವಾಗ ಎರಡನೆಯದನ್ನೇ ನೋಡಬೇಕು.

ವಯರಿನ ದಪ್ಪ ನಿರ್ಧರಿಸಲು ಈ ಪಟ್ಟಿ ಸಾಕು. 100 ಮೀಟರ್ ಉದ್ದದ ಒಂದು ವಯರಿನ ರೋಧ ಇದು:

ಅಲ್ಯೂಮಿನಿಯಂ
2.5 ಚ.ಮಿ.ಮೀ. – 1.21 ಓಮ್
4 ಚ.ಮಿ.ಮೀ. – 0.74 ಓಮ್
6 ಚ.ಮಿ.ಮೀ. – 0.46 ಓಮ್
10 ಚ.ಮಿ.ಮೀ. – 0.31 ಓಮ್
16 ಚ.ಮಿ.ಮೀ. – 0.19 ಓಮ್

ತಾಮ್ರ
1.5 ಚ.ಮಿ.ಮೀ. – 1.21 ಓಮ್
2.5 ಚ.ಮಿ.ಮೀ. – 0.74 ಓಮ್
4 ಚ.ಮಿ.ಮೀ. – 0.46 ಓಮ್
6 ಚ.ಮಿ.ಮೀ. – 0.31 ಓಮ್

ನೋಡಿ, ತಾಮ್ರದ ಒಂದು ಸೈಜು ಅಲ್ಯೂಮಿನಿಯಂನ ಮುಂದಿನ ಸೈಜಿಗೆ ಸಮ. ದರ ವಿಚಾರಿಸುವಾಗ ಇದು ಉಪಯೋಗ. ಬಿಸಿಲಿಗೆ ಕಾದ ವಯರಿನ ರೋಧ ಪಟ್ಟಿಗಿಂತ ಸ್ವಲ್ಪ ಹೆಚ್ಚಿರುತ್ತದೆ, ಹತ್ತು ಡಿಗ್ರಿ ಏರಿದರೆ ನೂರಕ್ಕೆ ನಾಲ್ಕರಷ್ಟು.

ಲೆಕ್ಕ ಹೀಗೆ. ವಯರು ಎಷ್ಟು ವೋಲ್ಟ್ ತಿಂದರೆ ತಡೆದುಕೊಳ್ಳಬಹುದು? ನಾನು 230ರಲ್ಲಿ ನೂರಕ್ಕೆ ಐದು, ಅಂದರೆ 11 ವೋಲ್ಟ್ ಎಂದು ಇಟ್ಟುಕೊಂಡೆ. ಪಂಪು ಎಳೆಯುವುದು ಸುಮಾರು 10 ಆಂಪಿಯರ್. 11 ಭಾಗಿಸು 10, ಒಟ್ಟು ವಯರಿಗೆ 1.1 ಓಮ್ ಮಾತ್ರ ಸಲ್ಲುತ್ತದೆ. ಒಟ್ಟು ಉದ್ದ 300 ಮೀಟರ್. ಹಾಗಾದರೆ 100 ಮೀಟರಿಗೆ 0.37 ಓಮಿಗಿಂತ ಕಡಿಮೆ ಬೇಕು. ಪಟ್ಟಿ ನೋಡಿದರೆ 10 ಚದರದ ಅಲ್ಯೂಮಿನಿಯಂ, ಇಲ್ಲವೇ 6 ಚದರದ ತಾಮ್ರ. ಹೋಗುವ ದೂರವನ್ನು ಎರಡು ಪಟ್ಟು ಮಾಡಲು ಮರೆಯಬೇಡಿ. ಹೆಚ್ಚಿನವರು ತಪ್ಪುವುದು ಅಲ್ಲೇ.

ಮುಂದಿನ ಕೊಯಿಲಿನ ಅಡಿಕೆ ಕೊಟ್ಟ ಮೇಲೆ 10 ಚದರದ ಅಲ್ಯೂಮಿನಿಯಂ ಎಳೆಸಿದೆ. ಈಗ ಮನೆಯಲ್ಲಿ 217, ಪಂಪಿನಲ್ಲಿ 208, ಆಂಪಿಯರ್ 9.6. ವಯರು ತಿನ್ನುವುದು 9 ಗುಣಿಸು 9.6, 86 ವಾಟ್. ಮೊದಲು 385 ಇತ್ತು. ಉಳಿಕೆ ಸುಮಾರು 300 ವಾಟ್. ದಿನಕ್ಕೆ ಐದು ಗಂಟೆಗೆ ಒಂದೂವರೆ ಯೂನಿಟ್, ನೂರು ದಿನದ ಬೇಸಗೆಗೆ 150 ಯೂನಿಟ್. ಪಂಪ್‌ಸೆಟ್ಟಿಗೆ ಉಚಿತ ಕರೆಂಟು ಇರುವವರು “ನಮಗೇನು” ಅನ್ನಬಹುದು. ಕರೆಂಟಿನ ದುಡ್ಡು ಉಳಿಯಲಿಕ್ಕಿಲ್ಲ, ಆದರೆ ವೈಂಡಿಂಗ್ ಉಚಿತ ಅಲ್ಲವಲ್ಲ! ಕೊನೆಯ ಸಾಲಿನ ಸ್ಪ್ರಿಂಕ್ಲರ್ ಕೂಡ ಈಗ ಚೆನ್ನಾಗಿ ತಿರುಗುತ್ತಿದೆ. ಆ ಮೇಲೆ ನಾಲ್ಕು ಬೇಸಗೆ ಕಳೆದವು, ಮೋಟಾರು ಬಿಚ್ಚಿಲ್ಲ.

ತ್ರೀ ಫೇಸಿನವರಿಗೆ

ತ್ರೀ ಫೇಸಿನಲ್ಲಿ ಲೆಕ್ಕಕ್ಕೆ 1.732 ಎಂಬ ಅಂಕೆ ಸೇರುತ್ತದೆ. ಎರಡು ಫೇಸಿನ ನಡುವಿನ ವೋಲ್ಟ್, ಒಂದು ವಯರಿನ ಆಂಪಿಯರ್, 1.732, ಪವರ್ ಫ್ಯಾಕ್ಟರ್, ನಾಲ್ಕನ್ನೂ ಗುಣಿಸಿದರೆ ವಾಟ್. 5 ಎಚ್‌ಪಿ ಮೋಟಾರು 415 ವೋಲ್ಟಿನಲ್ಲಿ 7.5 ಆಂಪಿಯರ್ ಎಳೆದು, ಪವರ್ ಫ್ಯಾಕ್ಟರ್ 0.8 ಇದ್ದರೆ ಸುಮಾರು 4300 ವಾಟ್. ಒಂದು ಎಚ್‌ಪಿಗೆ 746 ವಾಟ್, 5 ಎಚ್‌ಪಿಗೆ 3730. ಉಳಿದದ್ದು ಮೋಟಾರಿನ ಬಿಸಿ, ತಿಕ್ಕಾಟಕ್ಕೆ ಹೋಗುತ್ತದೆ.

ವಯರು ತಿನ್ನುವುದನ್ನು ತಿಳಿಯಲು ಇಲ್ಲಿ ದೂರವನ್ನು ಎರಡು ಪಟ್ಟು ಮಾಡುವುದು ಬೇಡ. ಒಂದು ವಯರಿನ ಓಮ್, ಆಂಪಿಯರ್, 1.732 ಗುಣಿಸಿ. ನನ್ನದೇ 150 ಮೀಟರ್, 4 ಚದರದ ವಯರಿನಲ್ಲಿ ಈ 5 ಎಚ್‌ಪಿ ಓಡಿಸಿದರೆ 1.11 ಗುಣಿಸು 7.5 ಗುಣಿಸು 1.732, 14 ವೋಲ್ಟ್ ಚಿಲ್ಲರೆ. 415ರಲ್ಲಿ 14 ಹೋದರೆ ನೂರಕ್ಕೆ ಮೂರೂವರೆ ಅಷ್ಟೇ. ಮೂರು ಪಟ್ಟಿಗೂ ಹೆಚ್ಚು ಕೆಲಸ, ಆದರೂ ನಷ್ಟ ಕಡಿಮೆ. ವೋಲ್ಟ್ ಹೆಚ್ಚಿದ್ದಷ್ಟೂ ಅದೇ ಕೆಲಸಕ್ಕೆ ಆಂಪಿಯರ್ ಕಡಿಮೆ ಸಾಕು, ಆಂಪಿಯರ್ ಕಡಿಮೆಯಾದರೆ ವಯರು ತಿನ್ನುವುದೂ ಕಡಿಮೆ.

1902ರಲ್ಲಿ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗೆ ಸುಮಾರು 147 ಕಿಲೋಮೀಟರ್ ಕರೆಂಟು ಒಯ್ದದ್ದೂ ಇದೇ ಲೆಕ್ಕದಲ್ಲಿ. 30 ಸಾವಿರಕ್ಕೂ ಮೇಲಿನ ವೋಲ್ಟಿಗೆ ಏರಿಸಿ ಕಳಿಸಿದ್ದರಿಂದಲೇ ಆ ದೂರ ಸಾಧ್ಯವಾಯಿತು.

ತ್ರೀ ಫೇಸಿನವರು ಮೂರೂ ವಯರಿನ ಆಂಪಿಯರ್ ಬೇರೆ ಬೇರೆ ನೋಡಿ. ಮೂರೂ ಹತ್ತಿರ ಹತ್ತಿರ ಇರಬೇಕು. ಒಂದರಲ್ಲಿ ಎದ್ದು ಕಾಣುವ ವ್ಯತ್ಯಾಸ ಇದ್ದರೆ ಫ್ಯೂಸು, ಸ್ಟಾರ್ಟರಿನ ಪಾಯಿಂಟು, ಜಾಯಿಂಟುಗಳನ್ನು ಹುಡುಕಬೇಕು.

ಅಳೆಯುವಾಗ ಎಚ್ಚರ

ಕರೆಂಟು ದಾಕ್ಷಿಣ್ಯ ಮಾಡುವುದಿಲ್ಲ. ಕೆಲಸ ಗೊತ್ತಿರುವವರನ್ನು ಕರೆಸಿಯೇ ಅಳೆಯಿಸಿ, ಲೆಕ್ಕ ಮಾತ್ರ ನೀವು ಮಾಡಿ. ನಾವು ಪಾಲಿಸಿದ ಕ್ರಮ ಇದು:

ಒದ್ದೆ ನೆಲದಲ್ಲಿ, ಒದ್ದೆ ಕೈಯಲ್ಲಿ, ಬರಿಗಾಲಲ್ಲಿ ಮೀಟರ್ ಹಿಡಿಯಬಾರದು. ಒಣ ಹಲಗೆ ಹಾಕಿ, ರಬ್ಬರ್ ಚಪ್ಪಲಿ ಮೆಟ್ಟಿ ನಿಲ್ಲಬೇಕು.

ಜಾಯಿಂಟಿಗೆ ಕಡ್ಡಿ ಸಿಕ್ಕಿಸುವುದೂ ತೆಗೆಯುವುದೂ ಮೈನ್ ಸ್ವಿಚ್ ತೆಗೆದ ಮೇಲೆಯೇ. ಸ್ವಿಚ್ಚಿನ ಹತ್ತಿರ ಒಬ್ಬರು ಕಾವಲಿರಬೇಕು.

ಮೀಟರ್ ವೋಲ್ಟಿನಲ್ಲಿದೆ ಎಂದು ಖಾತ್ರಿ ಮಾಡಿಕೊಳ್ಳಿ. ಓಮಿನಲ್ಲೋ ಆಂಪಿಯರಿನಲ್ಲೋ ಇಟ್ಟು ಕರೆಂಟಿಗೆ ಕಡ್ಡಿ ತಾಗಿಸಿದರೆ ಮೀಟರ್ ಸಿಡಿಯಬಹುದು.

ಅಳತೆ ಮುಗಿದ ಮೇಲೆ ಜಾಯಿಂಟನ್ನು ಬೆತ್ತಲೆ ಬಿಟ್ಟು ಊಟಕ್ಕೆ ಹೋಗಬಾರದು. ದನ, ಮಕ್ಕಳು ಓಡಾಡುವ ಜಾಗ.

ಶೆಡ್ಡಿನ ಗೋಡೆಯಲ್ಲಿ ನಾನು ಒಂದು ಹಳೆಯ ಕ್ಯಾಲೆಂಡರಿನ ಹಿಂಬದಿ ಅಂಟಿಸಿದ್ದೇನೆ. ಪ್ರತಿ ವರ್ಷ ಡಿಸೆಂಬರಿನಲ್ಲಿ ಪಂಪು ಶುರು ಮಾಡುವಾಗ ಮೂರು ಅಂಕೆ ಬರೆಯುತ್ತೇನೆ: ಮನೆಯ ವೋಲ್ಟ್, ಪಂಪಿನ ವೋಲ್ಟ್, ಆಂಪಿಯರ್. ಎರಡು ವೋಲ್ಟಿನ ನಡುವಿನ ಅಂತರ ಹಿಂದಿನ ವರ್ಷಕ್ಕಿಂತ ಹೆಚ್ಚಾದರೆ ವಯರು ನೋಡುತ್ತೇನೆ. ಅಂತರ ಅಷ್ಟೇ ಇದ್ದು ಮನೆಯ ವೋಲ್ಟೇ ಇಳಿದಿದ್ದರೆ ಲೈನ್‌ಮ್ಯಾನ್‌ಗೆ ಹೇಳುತ್ತೇನೆ. ವೋಲ್ಟ್ ಎರಡೂ ಸರಿ ಇದ್ದು ಆಂಪಿಯರ್ ಏರಿದ್ದರೆ ಬೇರಿಂಗೋ ಇಂಪೆಲ್ಲರೋ ವೈಂಡಿಂಗೋ, ಮೋಟಾರು ಬಿಚ್ಚುವುದು ಆಗ ಮಾತ್ರ.

ಹತ್ತಿರದಲ್ಲಿ ನಾಲ್ಕೈದು ಮನೆಯವರು ಸೇರಿ ಒಂದು ಟಾಂಗ್ ಟೆಸ್ಟರ್ ತಂದಿಟ್ಟುಕೊಂಡರೆ ಒಂದು ರಿವೈಂಡಿಂಗಿನ ದುಡ್ಡಿನಲ್ಲಿ ಎಲ್ಲರ ಕೆಲಸ ಆಗುತ್ತದೆ. ನಮ್ಮಲ್ಲಿ ಹಾಗೆ ಮಾಡಿದ್ದೇವೆ. ಮೊನ್ನೆ ಆಚೆಮನೆಯವರ ಪಂಪು ಅಳೆದಾಗ 31 ವೋಲ್ಟ್ ಅಂತರ ಸಿಕ್ಕಿತು. ಮಾವಿನ ಮರದ ಕೊಂಬೆಯಲ್ಲಿ ಒಂದು ಜಾಯಿಂಟು, ಟೇಪು ಕಪ್ಪಾಗಿತ್ತು.

ನಿಮ್ಮ ಪಂಪಿನ ಮೂರು ಅಂಕೆಗಳನ್ನು ನೀವೂ ಒಮ್ಮೆ ತೆಗೆದು ನೋಡಿ. ಏನು ಸಿಕ್ಕಿತು ಎಂದು ಪತ್ರಿಕೆಗೆ ಬರೆಯಿರಿ. ಒಬ್ಬರ ಸುಟ್ಟ ಮೋಟಾರು ಹತ್ತು ಜನರ ಮೋಟಾರು ಉಳಿಸಲಿ.